ಹಳೆ ಲಾರಿಯ ಬ್ಲೋವರ್‌ಗೆ ಕೈ ಹಾಕುವ ಮುನ್ನ: ಶೆಡ್ಡಿನ ಹುಡುಗರಿಗೆ ಕಿವಿಮಾತು

ಬಂಗಾರಪೇಟೆ, ಕೆಜಿಎಫ್ ಕಡೆ ಹಳೆ ಲಾರಿಗಳಿಗೆ ಇನ್ನೂ ಆಯುಸ್ಸಿದೆ. ಟೊಮೆಟೊ ಹೊರುವ ಟಾಟಾ 407, ಇಟ್ಟಿಗೆ ಹೊರುವ ಹಳೆ ಲೇಲ್ಯಾಂಡ್, ಯಾರೋ ಪ್ರೀತಿಯಿಂದ ಉಳಿಸಿಕೊಂಡ ಟಾಟಾ ಮೊಬೈಲ್ ಪಿಕಪ್, ಎಲ್ಲವೂ ಒಂದಲ್ಲ ಒಂದು ದಿನ ಆಟೊ ಎಲೆಕ್ಟ್ರಿಷಿಯನ್ ಶೆಡ್ಡಿನ ಮುಂದೆ ಬಂದು ನಿಲ್ಲುತ್ತವೆ. ಎಂಜಿನ್ನಿಗೆ, ಬ್ರೇಕಿಗೆ ದುಡ್ಡು ಬಿಚ್ಚುವ ಮಾಲೀಕರು ಕ್ಯಾಬಿನ್ನಿನ ಹೀಟರು, ಎಸಿ, ಬ್ಲೋವರ್ ಎಂದರೆ ಮುಖ ಸಿಂಡರಿಸುತ್ತಾರೆ. ಅದು ಡ್ರೈವರನ ಶೋಕಿ ಎಂದುಕೊಂಡಿದ್ದಾರೆ. ಶೋಕಿಯಲ್ಲ. ಡಿಸೆಂಬರಿನ ಬೆಳಗಿನ ಜಾವ ಗಾಜಿನ ಮೇಲಿನ ಮಂಜು ಬಿಡಿಸುವುದು ಆ ಬ್ಲೋವರ್. ಏಪ್ರಿಲ್ ಬಿಸಿಲಲ್ಲಿ, ಎಂಜಿನ್ ಪಕ್ಕದಲ್ಲೇ ಕೂತವನ ಕಣ್ಣು ಮುಚ್ಚದಂತೆ ನೋಡಿಕೊಳ್ಳುವುದೂ ಅದೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಕಲಿ, ತಮ್ಮಾ. ಇಷ್ಟು ವರ್ಷ ಈ ಕೆಲಸದಲ್ಲಿ ಸವೆಸಿದ ಮೇಲೆ ಕೈಗೆ ಉಳಿದ ಮಾತುಗಳು ಇವು.

ಬಿಚ್ಚುವ ಮುನ್ನ

• ಮೊದಲು ಡ್ರೈವರನ ಮಾತು ಕೇಳು. "ಗಾಳಿ ಬರ್ತಿಲ್ಲ" ಅಂದರೆ ಸಾಲದು, ಬಿಡಿಸಿ ಕೇಳು. ಫ್ಯಾನೇ ತಿರುಗುತ್ತಿಲ್ಲವೋ, ತಿರುಗಿದರೂ ಗಾಳಿ ಇಲ್ಲವೋ, ಗಾಳಿ ಇದ್ದರೂ ಬಿಸಿಯೋ ತಂಪೋ ಇಲ್ಲವೋ? ಮೂರೂ ಬೇರೆ ಬೇರೆ ಕಾಯಿಲೆ. ಮೊದಲನೆಯದು ಕರೆಂಟಿನ ದಾರಿಯದು, ಎರಡನೆಯದು ಗಾಳಿಯ ದಾರಿಯದು, ಮೂರನೆಯದು ನೀರಿನದೋ ಗ್ಯಾಸಿನದೋ. ಯಾವ ದಾರಿ ಕಟ್ಟಿದೆ ಎಂದು ಗೊತ್ತಾಗುವ ತನಕ ಸ್ಪ್ಯಾನರ್ ಕೈಗೆ ತಗೋಬೇಡ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

• ಹಳೆ ಲಾರಿಗೆ ಕಂಪನಿಯ ವೈರಿಂಗ್ ನಕ್ಷೆ ನಂಬಿ ಕೂರಬೇಡ. ಆಗ ಬಹಳಷ್ಟು ಲಾರಿಗಳು ಬರೀ ಷಾಸಿ ಮತ್ತು ಮುಂಭಾಗವಾಗಿ ಬರುತ್ತಿದ್ದವು, ಕ್ಯಾಬಿನ್ ಕಟ್ಟುತ್ತಿದ್ದದ್ದು ಊರಿನ ಬಾಡಿ ಬಿಲ್ಡರ್. ಹೀಟರೋ ಎಸಿಯೋ ಆಮೇಲೆ ಯಾರೋ ಕೂರಿಸಿದ್ದು. ಒಂದೇ ಮಾಡೆಲಿನ ಎರಡು ಗಾಡಿಯಲ್ಲಿ ವೈರಿನ ಬಣ್ಣ ಹೊಂದುವುದಿಲ್ಲ. ಆದ್ದರಿಂದ ಬಿಚ್ಚುವ ಮುನ್ನ ಫೋಟೊ ತೆಗಿ, ಪ್ರತಿ ವೈರಿಗೂ ಟೇಪ್ ಸುತ್ತಿ ನಂಬರ್ ಬರಿ.

• ಗಾಡಿ 12 ವೋಲ್ಟೋ 24 ವೋಲ್ಟೋ, ಮೀಟರ್ ಇಟ್ಟು ನೋಡು. ಎರಡು ಬ್ಯಾಟರಿ ಕಂಡ ತಕ್ಷಣ 24 ಅಂದುಕೊಳ್ಳಬೇಡ, ಪ್ಯಾರಲಲ್ ಜೋಡಿಸಿದ್ದರೆ ಅದು 12 ವೋಲ್ಟೇ. ಎಂಜಿನ್ ಚಾಲೂ ಇದ್ದಾಗ 12ರ ಗಾಡಿಯಲ್ಲಿ 14ರ ಆಸುಪಾಸು, 24ರಲ್ಲಿ 28ರ ಆಸುಪಾಸು ತೋರಿಸಬೇಕು. ಅಷ್ಟಿಲ್ಲದಿದ್ದರೆ ಬ್ಲೋವರನ್ನು ಬಯ್ಯುವ ಮುಂಚೆ ಆಲ್ಟರ್ನೇಟರ್ ನೋಡು.

• 24 ವೋಲ್ಟ್ ಗಾಡಿಗೆ 12 ವೋಲ್ಟ್ ಬ್ಲೋವರ್ ಕೂರಿಸಿ, ಒಂದೇ ಬ್ಯಾಟರಿಯಿಂದ ಕರೆಂಟ್ ಎಳೆಯುವ ಚಾಳಿ ನಮ್ಮ ಕಡೆ ಬಹಳ ಇದೆ. ಆ ಕೆಲಸ ಮಾಡಬೇಡ. ಎಳೆಸಿಕೊಂಡ ಬ್ಯಾಟರಿ ಅರೆಹೊಟ್ಟೆಯಲ್ಲಿ ಉಳಿಯುತ್ತದೆ, ಇನ್ನೊಂದು ಮಿತಿಮೀರಿ ಚಾರ್ಜ್ ಆಗಿ ಕುದಿಯುತ್ತದೆ. ವರ್ಷ ತುಂಬುವುದರೊಳಗೆ ಎರಡೂ ಹೋದರೆ ಆಶ್ಚರ್ಯವಿಲ್ಲ. 24ರ ಮೋಟಾರ್ ಹುಡುಕು, ಸಿಗದಿದ್ದರೆ ತಕ್ಕ ಕನ್ವರ್ಟರ್ ಹಾಕು.

• ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕುವ ಮುನ್ನ ಬ್ಯಾಟರಿಯ ಅರ್ಥ್ ತಂತಿ ಬಿಚ್ಚು. ಉಂಗುರ, ಕಡಗ, ಸ್ಟೀಲ್ ವಾಚು ತೆಗೆದಿಡು. ಬ್ಯಾಟರಿಯ ಕರೆಂಟು ನಿನ್ನನ್ನು ಎಳೆದು ಬಿಸಾಡುವುದಿಲ್ಲ, ಆದರೆ ಉಂಗುರದಲ್ಲಿ ಹಾದರೆ ಬೆರಳು ಸುಟ್ಟುಬಿಡುತ್ತದೆ.

ಕರೆಂಟಿನ ದಾರಿ

• ಕಾಯಿಲೆಯ ಗುರುತು ಬಾಯಿಪಾಠ ಮಾಡಿಕೋ. ಹೈ ಸ್ಪೀಡಿನಲ್ಲಿ ಮಾತ್ರ ತಿರುಗಿದರೆ ರೆಸಿಸ್ಟರ್ ಹೋಗಿದೆ, ಏಕೆಂದರೆ ಹೈ ಸ್ಪೀಡಿನ ಕರೆಂಟು ಅದರೊಳಗೆ ಹೋಗುವುದಿಲ್ಲ. ಕೆಳಗಿನ ಸ್ಪೀಡೆಲ್ಲ ಸರಿ ಇದ್ದು ಹೈ ಮಾತ್ರ ಇಲ್ಲದಿದ್ದರೆ ಸ್ವಿಚ್ಚಿನ ಆ ಪಾಯಿಂಟೋ ರಿಲೇನೋ ನೋಡು. ಡ್ಯಾಶ್‌ಬೋರ್ಡಿಗೆ ಗುದ್ದಿದರೆ ತಿರುಗುತ್ತದೆ ಅಂದರೆ ಕಾರ್ಬನ್ ಸವೆದಿದೆ, ಇಲ್ಲವೇ ಕನೆಕ್ಷನ್ ಲೂಸಾಗಿದೆ. ಯಾವುದರಲ್ಲೂ ಇಲ್ಲ ಎಂದರೆ ಫ್ಯೂಸು, ಅರ್ಥ್, ಸ್ವಿಚ್ಚು, ಕೊನೆಗೆ ಮೋಟಾರು. ಈ ಸಾಲಿನಲ್ಲೇ ಹೋಗು. ಮೋಟಾರು ಕೊನೆಯದು, ನೆನಪಿಡು.

• ಮೋಟಾರ್ ಬದುಕಿದೆಯೋ ಸತ್ತಿದೆಯೋ ತಿಳಿಯಲು ಬ್ಯಾಟರಿಯಿಂದ ನೇರ ಕರೆಂಟ್ ಕೊಡು, ನಡುವೆ ಫ್ಯೂಸ್ ಇರಲಿ. ಚೆನ್ನಾಗಿ ತಿರುಗಿದರೆ ಮೋಟಾರಿನ ತಪ್ಪಿಲ್ಲ. ಈ ಸಣ್ಣ ಪರೀಕ್ಷೆ ಮಾಡದೆ ಎಷ್ಟೋ ಒಳ್ಳೆಯ ಮೋಟಾರುಗಳು ಗುಜರಿ ಸೇರಿವೆ.

• ಇನ್ನು ಅರ್ಥ್. ಹಳೆ ಲಾರಿಯಲ್ಲಿ ಹೆಚ್ಚಿನ ಬ್ಲೋವರುಗಳು ಸೊರಗುವುದು ಇಲ್ಲೇ. ಬ್ಲೋವರ್ ಹೈನಲ್ಲಿ ಓಡುತ್ತಿರಲಿ. ಮೀಟರಿನ ಒಂದು ಮೊನೆ ಮೋಟಾರಿನ ಅರ್ಥ್ ವೈರಿಗೆ, ಇನ್ನೊಂದು ನೇರ ಬ್ಯಾಟರಿಯ ಮೈನಸ್ಸಿಗೆ ಇಡು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟೂ ದಾರಿಯಲ್ಲಿ ಸೋರುತ್ತಿದೆ ಎಂದೇ ಅರ್ಥ. ಅರ್ಥ್ ಬೋಲ್ಟ್ ಬಿಚ್ಚು. ಕೆಳಗೆ ಬಣ್ಣ, ಅದರ ಕೆಳಗೆ ತುಕ್ಕು, ಅದರ ಕೆಳಗೆ ತಗಡು ಇರುತ್ತದೆ. ಬೆಳ್ಳಗೆ ಹೊಳೆಯುವ ತಗಡು ಕಾಣುವ ತನಕ ಕೆರೆ, ಹೊಸ ಲಗ್ ಹಾಕು, ಸ್ಟಾರ್ ವಾಷರ್ ಇಟ್ಟು ಬಿಗಿ ಮಾಡು, ಮೇಲೆ ತೆಳ್ಳಗೆ ಗ್ರೀಸ್ ಸವರು. ಮತ್ತೆ ಮೀಟರ್ ಇಡು. ಅಂಕಿ ಇಳಿದಿರುತ್ತದೆ, ಫ್ಯಾನಿನ ಸದ್ದೂ ಬದಲಾಗಿರುತ್ತದೆ.

• ಅರ್ಧ ವೋಲ್ಟಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳಬೇಡ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಕೆಜಿಎಫ್ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟ್ ತಂದರು. ಮೂವತ್ತು ಸಾವಿರ ವೋಲ್ಟಿನ ಮಟ್ಟಕ್ಕೆ ಏರಿಸಿ ಕಳಿಸಿದ್ದರಿಂದಲೇ ಅಷ್ಟು ದೂರ ಬಂತು. ವೋಲ್ಟೇಜ್ ಹೆಚ್ಚಿದ್ದರೆ ಅದೇ ಶಕ್ತಿಗೆ ಆಂಪಿಯರ್ ಕಡಿಮೆ ಸಾಕು, ತಂತಿಯಲ್ಲಿ ಸೋರುವುದೂ ಕಡಿಮೆ. ಲಾರಿಯಲ್ಲಿ ಇರುವುದೇ 12 ಇಲ್ಲವೇ 24 ವೋಲ್ಟ್. 12ರ ಗಾಡಿಯಲ್ಲಿ 150 ವಾಟಿನ ಬ್ಲೋವರ್ ಹನ್ನೆರಡೂವರೆ ಆಂಪಿಯರ್ ಎಳೆಯುತ್ತದೆ. ಇಲ್ಲಿ ಒಂದು ವೋಲ್ಟ್ ಕಳೆದುಕೊಂಡರೂ ಗಾಳಿ ಸೊರಗಿದ್ದು ಕೈಗೆ ತಿಳಿಯುತ್ತದೆ.

• ಆದ್ದರಿಂದ ವೈರ್ ದಪ್ಪ ಇರಲಿ. ಬ್ಯಾಟರಿಯಿಂದ ಬ್ಲೋವರ್ ತನಕ ಹೊಸ ಲೈನ್ ಎಳೆಯುವುದಾದರೆ 12 ವೋಲ್ಟ್ ಗಾಡಿಗೆ 4 ಚದರ ಮಿಲಿಮೀಟರಿನ ವೈರ್ ಹಾಕು. ಹಾರ್ನಿನ ವೈರ್ ಹಾಕಿ ಕೈತೊಳೆದುಕೊಳ್ಳಬೇಡ.

• ಹಳೆ ಸ್ವಿಚ್ಚಿನ ಮೇಲೆ ಪೂರ್ತಿ ಭಾರ ಹೊರಿಸದೆ ರಿಲೇ ಹಾಕು. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ಲೈನು, 87ರಿಂದ ಬ್ಲೋವರಿನ ಲೈನು, 85 ಮತ್ತು 86 ಕಾಯಿಲಿಗೆ. ಸ್ವಿಚ್ಚು ಕಾಯಿಲನ್ನಷ್ಟೇ ಎಬ್ಬಿಸಿದರೆ ಸಾಕು, ಇನ್ನೂ ಬಹಳ ವರ್ಷ ಬಾಳುತ್ತದೆ. ಹಳೆ ಡ್ಯಾಶ್‌ಬೋರ್ಡಿನ ಮೂಲ ಸ್ವಿಚ್ಚು ಮತ್ತೆ ಸಿಗುವ ವಸ್ತುವಲ್ಲ.

• ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ತಗಡಿನ ತೂತಿನಲ್ಲಿ ವೈರ್ ಹಾಯುವ ಕಡೆ ರಬ್ಬರ್ ಬುಷ್ ಕಡ್ಡಾಯ. ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು ಸಿಗರೇಟ್ ಪ್ಯಾಕಿನ ಬೇಗಡೆಯನ್ನೋ ತಾಮ್ರದ ಎಳೆಯನ್ನೋ ಸುತ್ತುವವನು ಮೆಕ್ಯಾನಿಕ್ ಅಲ್ಲ. ಆ ಕ್ಯಾಬಿನ್ನಿನಲ್ಲಿ ರಾತ್ರಿ ಒಬ್ಬ ಮನುಷ್ಯ ಮಲಗುತ್ತಾನೆ.

• ರೆಸಿಸ್ಟರ್ ಗಾಳಿಯ ದಾರಿಯಲ್ಲೇ ಕೂತಿರುವುದಕ್ಕೆ ಕಾರಣವಿದೆ: ಅದು ಕೆಂಪಗೆ ಕಾಯುತ್ತದೆ, ಬ್ಲೋವರಿನ ಗಾಳಿಯೇ ಅದನ್ನು ತಣಿಸಬೇಕು. ಸುಟ್ಟ ರೆಸಿಸ್ಟರ್ ಬದಲಿಸಿ ಅದನ್ನು ಡ್ಯಾಶ್‌ಬೋರ್ಡ್ ಹಿಂದೆ ಎಲ್ಲೋ ನೇತುಹಾಕಿದರೆ ಬೆಂಕಿಗೆ ನೀನೇ ಕರೆ ಕೊಟ್ಟಂತೆ. ಹೊಸದೂ ಬೇಗ ಸುಟ್ಟರೆ ಮೋಟಾರ್ ಬಿಗಿಯಾಗಿ ತಿರುಗಿ ಹೆಚ್ಚು ಕರೆಂಟ್ ಎಳೆಯುತ್ತಿದೆ ಎಂದು ತಿಳಿ.

ಮೋಟಾರ್ ಬಿಚ್ಚಿದಾಗ

• ಕೀಚ್ ಎನ್ನುವ ಸದ್ದು ಬೆಳಗಿನ ಚಳಿಯಲ್ಲಿ ಬಂದು ಆಮೇಲೆ ನಿಂತರೆ ಬುಷ್ ಒಣಗಿದೆ. ಬುಷ್ಷಿಗೆ ಮೆಷಿನ್ ಆಯಿಲ್ ಎರಡು ಮೂರು ಹನಿ ಸಾಕು, ಹೀರಿಕೊಳ್ಳಲು ಸಮಯ ಕೊಡು. ಗ್ರೀಸ್ ತುಂಬಬೇಡ, ಅದು ಬುಷ್ಷಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಆರ್ಮೇಚರ್ ಅಲುಗಾಡುವಷ್ಟು ಬುಷ್ ಸವೆದಿದ್ದರೆ ಎಣ್ಣೆಯಿಂದ ಉಪಯೋಗವಿಲ್ಲ, ಬುಷ್ ಬದಲಿಸು.

• ಕಾರ್ಬನ್ ಮೂರನೇ ಒಂದು ಭಾಗ ಉಳಿದಿದ್ದರೆ ಬದಲಿಸಿಬಿಡು. ಹೊಸ ಕಾರ್ಬನ್ ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು, ಸ್ಪ್ರಿಂಗ್ ಒತ್ತಬೇಕು. ಕಮ್ಯುಟೇಟರ್ ಕಪ್ಪಾಗಿದ್ದರೆ ನುಣುಪಾದ ಗ್ಲಾಸ್ ಪೇಪರಿನಿಂದ ಉಜ್ಜು. ಎಮರಿ ಬೇಡ. ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ.

• ಫ್ಯಾನಿನ ಚಕ್ರಕ್ಕೆ ಅಲ್ಲಲ್ಲಿ ಸಣ್ಣ ಕ್ಲಿಪ್ಪುಗಳು ಕೂತಿದ್ದರೆ ಕಸ ಅಂದುಕೊಂಡು ಕೀಳಬೇಡ. ಚಕ್ರ ಅದುರದಂತೆ ತೂಕ ಸರಿದೂಗಿಸಲು ಹಾಕಿದ್ದು ಅದು.

• ಹಲವು ಬ್ಲೋವರುಗಳಲ್ಲಿ ಗೂಡಿನಿಂದ ಮೋಟಾರಿನ ಹೊಟ್ಟೆಗೆ ಒಂದು ಸಣ್ಣ ರಬ್ಬರ್ ಟ್ಯೂಬ್ ಬರುತ್ತದೆ. ಮೋಟಾರನ್ನು ತಣಿಸುವ ಗಾಳಿ ಅದರಲ್ಲಿ ಹೋಗುತ್ತದೆ. ಜೋಡಿಸುವಾಗ ಮಿಕ್ಕಿತು ಎಂದು ಆಚೆ ಇಟ್ಟರೆ ಹೊಸ ಮೋಟಾರೂ ಸುಡುತ್ತದೆ.

• ಮೋಟಾರ್ ತಿರುಗುತ್ತಿದೆ, ಸದ್ದೂ ಇದೆ, ಆದರೆ ಗಾಳಿ ಮಂದ ಎಂದರೆ ಎರಡು ವೈರ್ ಅದಲುಬದಲಾಗಿವೆಯೇ ನೋಡು. ಈ ಬಗೆಯ ಚಕ್ರ ಉಲ್ಟಾ ತಿರುಗಿದರೂ ಗಾಳಿ ಅದೇ ಬಾಯಿಂದಲೇ ಬರುತ್ತದೆ, ಕಡಿಮೆ ಬರುತ್ತದೆ ಅಷ್ಟೆ. ಅದಕ್ಕೇ ಬಹಳ ಜನ ಮೋಸಹೋಗುತ್ತಾರೆ.

• ಮೋಟಾರ್ ಬದಲಿಸಲೇಬೇಕಾದರೆ ಮಾಡೆಲ್ ಹೆಸರು ಹೇಳಿಕೊಂಡು ಅಂಗಡಿ ಸುತ್ತಬೇಡ. ಹಳೇದನ್ನು ಚೀಲಕ್ಕೆ ಹಾಕಿಕೊಂಡು ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗು. ವೋಲ್ಟ್, ಶಾಫ್ಟಿನ ದಪ್ಪ, ಉದ್ದ, ತಿರುಗುವ ದಿಕ್ಕು, ಬೋಲ್ಟ್ ತೂತಿನ ಅಂತರ, ಈ ಐದೂ ಹೊಂದಿದರೆ ಬೇರೆ ಗಾಡಿಯ ಮೋಟಾರೂ ಕೂರುತ್ತದೆ. ಅದನ್ನು ಕೂರಿಸಲೆಂದು ಹಳೆ ಗಾಡಿಯ ತಗಡು ಮಾತ್ರ ಕತ್ತರಿಸಬೇಡ. ಅಡಾಪ್ಟರ್ ಪಟ್ಟಿ ಮಾಡಿಕೋ.

ಗಾಳಿಯ ದಾರಿ ಮತ್ತು ನಮ್ಮೂರ ಧೂಳು

• ನಮ್ಮೂರಿನ ಧೂಳು ಬೇರೆ ಊರಿನ ಧೂಳಿನಂತಲ್ಲ. 1880ರಿಂದ 2001ರಲ್ಲಿ ಗಣಿ ಮುಚ್ಚುವ ತನಕ ಅರೆದು ಚಿನ್ನ ತೆಗೆದ ಕಲ್ಲಿನ ಪುಡಿ ಇಲ್ಲೇ ಬಿದ್ದಿದೆ. ಮೂರು ಕೋಟಿ ಟನ್ನಿಗೂ ಹೆಚ್ಚು. ಆಷಾಢದ ಗಾಳಿ ಎದ್ದರೆ ಆ ಪುಡಿಯ ರಾಶಿಗಳಿಂದ, ಅಂದರೆ ಸೈನೈಡ್ ದಿಬ್ಬಗಳಿಂದ, ಅದು ರಾಬರ್ಟ್‌ಸನ್‌ಪೇಟೆ, ಊರಿಗಾಂ, ಚಾಂಪಿಯನ್ ರೀಫ್ಸ್ ಮೇಲೆಲ್ಲ ಹಾರುತ್ತದೆ. ಬ್ಲೋವರ್ ಬಿಚ್ಚಿದಾಗ ಚಕ್ರದ ಎಲೆಗಳ ಒಳಮೈಗೆ ಬೂದು ಬಣ್ಣದ ನುಣ್ಣನೆ ಪದರ ಅಂಟಿರುವುದನ್ನು ಕಾಣುತ್ತೀ. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಬಿಡುತ್ತದೆ, ಬೆರಳಲ್ಲಿ ಉಜ್ಜಿದರೆ ಮುಖದ ಪೌಡರಿನಷ್ಟು ನಯ. ಎಲೆಗಳ ಬಾಗು ಅದರಿಂದ ತುಂಬಿಹೋದರೆ ಚಕ್ರ ಎಷ್ಟು ತಿರುಗಿದರೂ ಗಾಳಿ ಹಿಡಿಯುವುದಿಲ್ಲ. ಆ ಪದರ ಒಂದೇ ಕಡೆ ಉದುರಿಹೋದರೆ ಚಕ್ರ ಅದುರಿ ಬುಷ್ ತಿನ್ನುತ್ತದೆ.

• ಆ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡ. ನಾನು ಕೈಮುಗಿದು ಹೇಳುವ ಮಾತು ಇದೊಂದೇ. ಅದರಲ್ಲಿರುವುದು ಸಿಲಿಕಾ. ಅದು ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. 1940ರ ದಶಕದಲ್ಲಿ ನಮ್ಮ ಗಣಿಗಳ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ಶೇಕಡ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಈ ಊರಿನ ಎಷ್ಟೋ ಮನೆಗಳಲ್ಲಿ ತಾತನೋ ದೊಡ್ಡಪ್ಪನೋ ಕೆಮ್ಮುತ್ತಲೇ ಹೋದದ್ದು ಅದರಿಂದ. ಗಣಿ ಮುಚ್ಚಿದ ಮೇಲೆ ಹುಟ್ಟಿದ ನೀನು ಶೆಡ್ಡಿನಲ್ಲಿ ಕೂತು ಅದನ್ನು ಎದೆಗೆ ತುಂಬಿಕೊಳ್ಳಬೇಡ.

• ಅದರ ಬದಲು ಚಕ್ರವನ್ನು ಬಯಲಿಗೆ ತಾ, ನೀರು ಚಿಮುಕಿಸಿ ನೆನೆಸು, ಒದ್ದೆ ಬಟ್ಟೆ, ಹಳೆ ಪೇಂಟ್ ಬ್ರಷ್ ಹಿಡಿದು ಎಲೆ ಎಲೆ ಬಿಡಿಸಿ ತೊಳಿ. ಮೋಟಾರಿಗೆ ನೀರು ತಾಗಿಸಬೇಡ. ಗೂಡಿನ ಒಳಗೆ ವ್ಯಾಕ್ಯೂಮ್ ಇಲ್ಲವೇ ಒದ್ದೆ ಬಟ್ಟೆ. ಎನ್-95 ಮಾಸ್ಕ್ ಹಾಕು, ಮುಖಕ್ಕೆ ಕರ್ಚೀಫ್ ಕಟ್ಟಿದರೆ ಸಾಲದು. ತಿಂಡಿಗೆ ಕೂರುವ ಮುನ್ನ ಕೈ ಮುಖ ತೊಳಿ, ಆ ಅಂಗಿಯನ್ನು ಮನೆಯಲ್ಲಿ ಮಕ್ಕಳ ಹತ್ತಿರ ಕೊಡವಬೇಡ.

• ರಾಗಿ, ಹುರುಳಿ ಕೊಯ್ಲಿನ ಕಾಲದಲ್ಲಿ ರೈತರು ರಸ್ತೆಯ ಮೇಲೇ ಒಕ್ಕಣೆಗೆ ಹಾಕುತ್ತಾರೆ. ಅದರ ಮೇಲೆ ಹಾಯ್ದ ಲಾರಿಯ ಗಾಜಿನ ಬುಡದ ಜಾಲರಿಯಲ್ಲಿ ಹೊಟ್ಟು ಸಿಕ್ಕಿಕೊಳ್ಳುತ್ತದೆ. ಹೊರಗಿನ ಗಾಳಿ ಒಳಗೆ ಬರುವುದು ಅಲ್ಲಿಂದ. ಸಂಕ್ರಾಂತಿ ಮುಗಿದ ಮೇಲೆ ಬಂದ ಪ್ರತಿ ಗಾಡಿಯಲ್ಲೂ ಮೊದಲು ಆ ಜಾಗ ಬಿಡಿಸಿ ನೋಡು. ಒಳಗೆ ಸಣ್ಣ ಸ್ಟೀಲ್ ಜಾಲರಿ ಕೂರಿಸು. ದಪ್ಪ ಸ್ಪಂಜ್ ತುರುಕಿದರೆ ಗಾಳಿಯೇ ಕಟ್ಟುತ್ತದೆ.

• ಟಿಕ್ ಟಿಕ್ ಸದ್ದಿಗೆ ಎಲೆಯೋ ಕಾಗದವೋ ಕಾರಣ. ಕೆಟ್ಟ ವಾಸನೆ ಇದ್ದರೆ ಇಲಿ ಗೂಡು ಕಟ್ಟಿರಬಹುದು, ವೈರಿನ ತೊಗಟೆ ಕಡಿದಿದೆಯೇ ಎಂದೂ ನೋಡು. ಗಾಳಿ ಗಾಜಿಗೆ ಹೋಗುವ ಬದಲು ಕಾಲಿಗೆ ಹೋಗುತ್ತಿದ್ದರೆ ಒಳಗಿನ ಬಾಗಿಲಿನ ಕೇಬಲ್ ಕಳಚಿದೆ. ಅದು ದುಡ್ಡಿನ ಕೆಲಸವಲ್ಲ, ತಾಳ್ಮೆಯ ಕೆಲಸ.

ಹೀಟರಿನ ನೀರು

• ಎಂಜಿನ್ ಬಿಸಿಯಾದ ಮೇಲೆ ಹೀಟರಿಗೆ ಹೋಗುವ ಎರಡೂ ಹೋಸ್ ಪೈಪ್ ಮುಟ್ಟಿ ನೋಡು, ಬಟ್ಟೆ ಹಿಡಿದುಕೋ. ಎರಡೂ ಬಿಸಿ ಇದ್ದರೆ ನೀರು ಓಡುತ್ತಿದೆ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದರೆ ವಾಲ್ವ್ ಮುಚ್ಚಿದೆ ಇಲ್ಲವೇ ಕೋರ್ ಕಟ್ಟಿದೆ.

• ಕೋರ್ ಕಟ್ಟಲು ನಮ್ಮ ಜಿಲ್ಲೆಯ ನೀರೇ ದೊಡ್ಡ ಕಾರಣ. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಒಳಗೆಲ್ಲ ಸುಣ್ಣದ ಪದರ ಕಟ್ಟುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿಸು. ಸೋರಿಕೆ ನಿಲ್ಲಿಸುವ ಪುಡಿಯೂ ಬೇಡ, ಅದು ಮೊದಲು ಕಟ್ಟುವುದು ಹೀಟರಿನ ಸಣ್ಣ ಕೊಳವೆಗಳನ್ನೇ.

• ಕೋರ್ ತೊಳೆಯುವಾಗ ನೀರು ಹೊರಬರುವ ಕಡೆಯಿಂದ ಉಲ್ಟಾ ಬಿಡು, ನಲ್ಲಿಯ ಮೆಲುವಾದ ಒತ್ತಡ ಸಾಕು. ವಾಟರ್ ಸರ್ವಿಸಿನ ಗನ್ ಇಟ್ಟರೆ ಹಳೆ ಬೆಸುಗೆ ಬಿಟ್ಟುಕೊಳ್ಳುತ್ತದೆ.

• ಗಾಜಿನ ಒಳಗೆ ಜಿಡ್ಡಿನ ಮಂಜು, ಕ್ಯಾಬಿನ್ನಿನಲ್ಲಿ ಸಿಹಿ ವಾಸನೆ, ಕಾಲಡಿ ಒದ್ದೆ ಎಂದರೆ ಕೋರ್ ಸೋರುತ್ತಿದೆ. ತಾಮ್ರ ಹಿತ್ತಾಳೆಯ ಕೋರನ್ನು ರೇಡಿಯೇಟರ್ ಕೆಲಸದವರು ಬೆಸೆದುಕೊಡುತ್ತಾರೆ, ಕಾಸು ಕೊಟ್ಟು ಮಾಡಿಸು. ಅಲ್ಯೂಮಿನಿಯಂ ಆದರೆ ಬದಲಿಸುವುದೇ ಒಳ್ಳೆಯದು.

• ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡ. ಬಸಿದ ಕೂಲೆಂಟನ್ನು ತೆರೆದ ಪಾತ್ರೆಯಲ್ಲಿ ಬಿಡಬೇಡ. ಸಿಹಿಯಿರುವ ವಿಷ ಅದು. ಬೀದಿನಾಯಿ ನೆಕ್ಕುತ್ತದೆ, ಮಗು ಮುಟ್ಟುತ್ತದೆ.

ಎಸಿಯ ಗ್ಯಾಸು

• ಬ್ಲೋವರ್ ರಿಪೇರಿಗೆ ಸಾಮಾನ್ಯವಾಗಿ ಗ್ಯಾಸ್ ಪೈಪ್ ಬಿಚ್ಚುವ ಅಗತ್ಯವಿಲ್ಲ. ತಂಪು ಕಡಿಮೆ ಎಂದ ಕೂಡಲೇ "ಗ್ಯಾಸ್ ಹಾಕಿಸಿ" ಎನ್ನಬೇಡ. ಬ್ಲೋವರ್ ಮಂದವಾದರೆ ಕೂಲಿಂಗ್ ಕಾಯಿಲಿನ ಮೇಲೆ ಹಿಮ ಕಟ್ಟಿ ಗಾಳಿಯೇ ಹಾಯುವುದಿಲ್ಲ. ಎಸಿ ಆಫ್ ಮಾಡಿ ಕಾಲು ಗಂಟೆ ಬಿಟ್ಟರೆ ಗಾಳಿ ಮರಳಿ ಬರುತ್ತದೆ ಎಂದರೆ ಕಾರಣ ಅದೇ.

• ಕ್ಯಾಬಿನ್ನಿನೊಳಗೆ ನೀರು ತೊಟ್ಟಿಕ್ಕಿದರೆ ಡ್ರೈನ್ ಪೈಪ್ ಕಟ್ಟಿದೆ. ಕಾಯಿಲಿನ ಧೂಳು ಹನಿ ನೀರಿನೊಂದಿಗೆ ಕೆಸರಾಗಿ ಅಲ್ಲಿ ಕೂರುತ್ತದೆ. ಮೆತ್ತನೆ ತಂತಿ ಹಾಕಿ ಬಿಡಿಸು.

• ಬಹಳ ಹಳೆಯ ಎಸಿಯಲ್ಲಿ ಆರ್-12 ಗ್ಯಾಸ್ ಇತ್ತು. ಓಜೋನ್ ಪದರಕ್ಕೆ ಕುತ್ತು ಎಂದು 1987ರ ಮಾಂಟ್ರಿಯಲ್ ಒಪ್ಪಂದದಂತೆ ಅಂಥ ಗ್ಯಾಸುಗಳ ತಯಾರಿಕೆ 2010ರ ಹೊತ್ತಿಗೆ ನಮ್ಮಂಥ ದೇಶಗಳಲ್ಲೂ ನಿಂತಿತು. ಈಗ ಆರ್-134ಎ ಹಾಕಿಸಬೇಕಾದರೆ ಆಯಿಲ್, ಡ್ರೈಯರ್, ಓ-ರಿಂಗ್ ಎಲ್ಲ ಬದಲಿಸಬೇಕು. ಒಂದರ ಮೇಲೊಂದು ತುಂಬಬೇಡ, ಗಾಳಿಗೂ ಬಿಡಬೇಡ. ಮೆಷಿನ್ ಇರುವ ಎಸಿ ಅಂಗಡಿಯವರಿಗೆ ಬಿಡು.

• ಅಡುಗೆ ಗ್ಯಾಸ್ ತುಂಬಿಸಿದರೂ ತಂಪಾಗುತ್ತದೆ ಎಂದು ಯಾರಾದರೂ ಹೇಳಿಕೊಟ್ಟರೆ ಅವನ ಶೆಡ್ಡಿನಲ್ಲಿ ಕೆಲಸ ಬಿಡು. ಕಾಯಿಲ್ ಸೋರಿದರೆ ಆ ಗ್ಯಾಸ್ ತುಂಬಿಕೊಳ್ಳುವುದು ಡ್ರೈವರ್ ಬೀಡಿ ಹಚ್ಚುವ ಕ್ಯಾಬಿನ್ನಿನಲ್ಲಿ.

ಗಾಡಿ ಬಿಡುವ ಮುನ್ನ

• ಕ್ಯಾಬಿನ್ನಿನ ನೆಲದ ತುಕ್ಕಿನ ತೂತು, ಸೈಲೆನ್ಸರಿನ ಸೋರಿಕೆ ನೋಡಿ ಮುಚ್ಚಿಸು. ಎಂಜಿನ್ ಚಾಲೂ ಇಟ್ಟು, ಕಿಟಕಿ ಮುಚ್ಚಿ, ಬ್ಲೋವರ್ ಹಾಕಿಕೊಂಡು ಮಲಗಬಾರದು ಎಂದು ಡ್ರೈವರಿಗೂ ಕ್ಲೀನರಿಗೂ ಬಾಯಿಬಿಟ್ಟು ಹೇಳು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವನು ಏಳುವುದಿಲ್ಲ.

• ಗಾಜಿನ ಮಂಜು ಬಿಡಿಸುವ ರೀತಿ ಕಲಿಸಿಕೊಡು: ಹೊರಗಾಳಿ ತೆರೆದು ಹೀಟರ್ ಹಾಕಬೇಕು, ಎಸಿಯೂ ಇದ್ದರೆ ಜೊತೆಗೇ ಹಾಕಬೇಕು, ಅದು ಗಾಳಿಯ ತೇವ ಹೀರುತ್ತದೆ. ಸೈನೈಡ್ ದಿಬ್ಬದ ಪಕ್ಕ ಹಾಯುವಾಗ ಮಾತ್ರ ಹೊರಗಾಳಿ ಮುಚ್ಚಲಿ.

• ಹಳೆ ಸಾಮಾನನ್ನು ಮಾಲೀಕರ ಕೈಗೇ ಕೊಡು. ಏನು ಬದಲಿಸಿದೆ, ಯಾವ ಫ್ಯೂಸ್ ಎಲ್ಲಿದೆ ಎಂದು ಚೀಟಿ ಬರೆದು ಡ್ಯಾಶ್‌ಬೋರ್ಡಿನಲ್ಲಿಡು. ಮುಂದೆ ಈ ಗಾಡಿಗೆ ಕೈ ಹಾಕುವ ಹುಡುಗ ನಿನ್ನನ್ನು ನೆನೆಯುತ್ತಾನೆ.

• "ಲಾರಿಗೆ ಯಾಕಪ್ಪ ಎಸಿ?" ಎನ್ನುವ ಮಾಲೀಕರಿಗೆ ಗೌರವದಿಂದಲೇ ಹೇಳು: 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಸರ್ಕಾರವೇ ಎಸಿ ಕಡ್ಡಾಯ ಮಾಡಿದೆ ಅಣ್ಣಾ, ಹಳೆ ಲಾರಿಯ ಡ್ರೈವರನ ಮೈಯೂ ಅಷ್ಟೇ ಬೇಯುತ್ತದೆ. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಾಗ ಬಂಡೆ ಮುಟ್ಟಲಾಗದಷ್ಟು ಕಾಯುತ್ತಿತ್ತು. ಮೇಲೆ ಗಾಳಿ ತಂಪು ಮಾಡಿ ಒಳಗೆ ಇಳಿಸಿದ ಮೇಲೆಯೇ ಅಲ್ಲಿ ಮನುಷ್ಯರು ದುಡಿಯಲು ಸಾಧ್ಯವಾಯಿತು. ದುಡಿಯುವವನಿಗೆ ಗಾಳಿ ಬೇಕು ಎನ್ನುವುದನ್ನು ನಮ್ಮೂರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ.

• ಕೊನೆಯದು. ಕೆಲಸ ಮುಗಿದ ಮೇಲೆ ಡ್ರೈವರನನ್ನು ಸೀಟಿನಲ್ಲಿ ಕೂರಿಸಿ, ಬಂಗಾರಪೇಟೆಯಿಂದ ಬೇತಮಂಗಲದ ತನಕ ಗಾಡಿ ಓಡಿಸಿಕೊಂಡು ಬಾ ಎಂದು ಕಳಿಸು. ಒಂದೊಂದು ಸ್ಪೀಡನ್ನೂ ಹಾಕಿ ನೋಡಲಿ. ಬಂದವನು ಸರಿ ಇದೆ ಎನ್ನಲಿ. ಬಿಲ್ ಕೊಡುವವರು ಮಾಲೀಕರೇ ಇರಬಹುದು, ಆದರೆ ಬ್ಲೋವರ್ ಕೆಲಸ ಮುಗಿಯಿತು ಎಂದು ಹೇಳುವ ಹಕ್ಕು ಆ ಸೀಟಿನಲ್ಲಿ ಕೂರುವವನದು.